ಹೋಗು ಎಂಬ ಕ್ರಿಯಾಪದದ ಭೂತಕಾಲ

"ಮೂಗನ್ನು ಹಿಡಿದುಕೊಳ್ಳಿ," ಎಂದಳು ತರಬೇತಿ ಕೊಡಲು ಪರದೇಶದಿಂದ ಬಂದಿದ್ದ ಮದಾಮ್, ಫ್ರೆಂಚಿನಲ್ಲಿ.

ಫ್ರೆಂಚ್ ಕಲಿಸುವ ಮೇಷ್ಟ್ರುಗಳು, ಟೀಚರುಗಳು ಎಲ್ಲರೂ ಒಟ್ಟಿಗೆ ಮೂಗು ಹಿಡಿದುಕೊಂಡರು. ಅವನೂ ಹಿಡಿದುಕೊಂಡ. ಅನುನಾಸಿಕ ಸ್ವರ ಹೊರಟಾಗ ಮೂಗಿನ ಎಲುಬು ನಡುಗುವುದು ಬೆರಳಿಗೆ ತಿಳಿಯಬೇಕಂತೆ. ಎಲ್ಲರೂ ಸ್ವರ ಎಳೆದರು. ನೆಗಡಿ ಹತ್ತಿದ ದನಗಳ ಕೊಟ್ಟಿಗೆಯಂತೆ ಕೇಳಿಸಿತು. ಯಾರೂ ನಗಲಿಲ್ಲ. ಸಂಜೆ ಪ್ರಮಾಣಪತ್ರ ಕೊಡುವವರಿದ್ದರು.

ಅವನ ಮೂಗು ನಡುಗಲಿಲ್ಲ. ಜೇಬು ನಡುಗಿತು.

ಭಾಮೈದನ ಫೋನು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಅವನು ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದ. ಒಂದು ಕೈ ಮೂಗಿನ ಮೇಲೆ, ಇನ್ನೊಂದು ತೊಡೆಯ ಮೇಲೆ. ಮದಾಮ್ ಅವನತ್ತ ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದಳು. ಏಕಾಗ್ರತೆ ಎಂದುಕೊಂಡಿರಬೇಕು.

ವೇದಿಕೆಯ ಹಿಂದೆ ಬ್ಯಾನರು ಕಟ್ಟಿದ್ದರು: 'ವಿದೇಶಿ ಭಾಷಾ ಶಿಕ್ಷಕರ ವೃತ್ತಿಪರ ಬೆಳವಣಿಗೆ: ಹೊಸ ಅವಕಾಶಗಳು'. ಒಂದು ಮೂಲೆಯ ದಾರ ಬಿಚ್ಚಿ, ಅವಕಾಶಗಳು ಫ್ಯಾನಿನ ಗಾಳಿಗೆ ಮಡಚಿಕೊಳ್ಳುತ್ತಿದ್ದವು. ಈ ವಯಸ್ಸಿನಲ್ಲಿ ತನ್ನದು ಬೆಳೆಯುವುದೆಂದರೆ ಹೊಟ್ಟೆಯೊಂದೇ ಎಂದು ಅವನಿಗನ್ನಿಸಿತು. ಆದರೂ ಬಂದಿದ್ದ. ನಿನ್ನೆ ಬೆಳಿಗ್ಗೆ ಹೆಂಡತಿ ಮನೆ ಬಿಟ್ಟು ಹೋಗಿದ್ದಳು. ಇವತ್ತು ಅವನು ಇಸ್ತ್ರಿ ಮಾಡಿದ ಅಂಗಿ ಹುಡುಕಿ ತೊಟ್ಟು, ಸಮಯಕ್ಕೆ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ.

ಹತ್ತೊಂಬತ್ತು ವರ್ಷದಿಂದ ಅವನು ಆ ಭಾಷೆ ಕಲಿಸುತ್ತಿದ್ದ. ಆ ದೇಶ ನೋಡಿರಲಿಲ್ಲ. ಆ ದೇಶದವರೊಬ್ಬರ ಜೊತೆ ಎದುರು ಕೂತು ಮಾತಾಡಿಯೂ ಇರಲಿಲ್ಲ. ಶಾಲೆಯಲ್ಲಿ ಅವನ ಅಡ್ಡಹೆಸರು, ಫ್ರೆಂಚಿನ ನಮಸ್ಕಾರದಿಂದ ಬಂದದ್ದು, ಬೋಂಜೂರು ಮೇಷ್ಟ್ರು. ಒಮ್ಮೆ ಒಬ್ಬ ಹುಡುಗಿಯ ತಂದೆ ಬಹಳ ಗೌರವದಿಂದ, "ಬೋಂಜೂರು ಅಂದ್ರೆ ಯಾವ ಕಡೆ ಬರುತ್ತೆ ಸಾರ್? ನಿಮ್ಮ ಹುಟ್ಟೂರೇನು?" ಎಂದು ಕೇಳಿದ್ದರು. ಅವನು ಆ ಊರಿನ ದಾರಿ ಹೇಳಬಹುದಿತ್ತು. ರೈಲು ನಿಲ್ದಾಣಕ್ಕೆ, ಅಂಚೆ ಕಚೇರಿಗೆ, ಔಷಧಿ ಅಂಗಡಿಗೆ ದಾರಿ ಕೇಳುವುದನ್ನೂ ಹೇಳುವುದನ್ನೂ ಪ್ರತಿ ವರ್ಷ ಐದನೆಯ ಪಾಠದಲ್ಲಿ ಕಲಿಸುತ್ತಿದ್ದ.

ಟೀ ಬಿಡುವಿನಲ್ಲಿ ಧೈರ್ಯ ಮಾಡಿ ಮದಾಮ್ ಹತ್ತಿರ ಹೋದ. ರಾತ್ರಿ ಬಾಯಿಪಾಠ ಮಾಡಿಟ್ಟುಕೊಂಡಿದ್ದ ವಾಕ್ಯ. ತಮ್ಮನ್ನು ಭೇಟಿಯಾದದ್ದು ನನ್ನ ಪಾಲಿಗೆ ಅತೀವ ಸಂತೋಷದ ವಿಷಯ, ಇತ್ಯಾದಿ. ಎಲ್ಲೂ ತಡವರಿಸದೆ ಹೇಳಿ ಮುಗಿಸಿದ.

ಮದಾಮ್ ಬಿಸ್ಕತ್ತು ಕೆಳಗಿಟ್ಟಳು. ಅವನ ತುಟಿಗಳನ್ನೇ ನೋಡುತ್ತಿದ್ದಳು. ಆಮೇಲೆ ಒಂದೊಂದೇ ಅಕ್ಷರ ಕೂಡಿಸಿ, ಕನ್ನಡದಲ್ಲಿ ಹೇಳಿದಳು:

"ಕ್ಷಮಿಸಿ. ನಾನು ಕನ್ನಡ ಸ್ವಲ್ಪ ಕಲಿತು ಇದೆ. ನೀವು ನಿಧಾನ ಮಾತಾಡಿ."

ಅವನು ಮಾತಾಡಿದ್ದು ಕನ್ನಡ ಎಂದು ಅವಳು ತಿಳಿದಿದ್ದಳು.

ಅವನು ಮತ್ತೆ ಫ್ರೆಂಚಿನಲ್ಲೇ ಹೇಳಿದ. ಅವಳಿಗೆ ಈ ಸಲ ಅರ್ಥವಾಗಿ ಮುಖ ಕೆಂಪಾಯಿತು. ಆದರೂ ಕನ್ನಡ ಬಿಡಲಿಲ್ಲ. "ಓ! ನೀವು ತುಂಬ ಚೆನ್ನಾಗಿ ಮಾತಾಡುತ್ತದೆ," ಎಂದಳು. ಅವನು ಅವಳ ಭಾಷೆಯಲ್ಲಿ ಧನ್ಯವಾದ ಹೇಳಿದ, ಅವಳು ಅವನ ಭಾಷೆಯಲ್ಲಿ ಪರವಾಗಿಲ್ಲ ಎಂದಳು. ಇಬ್ಬರೂ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಬೀಗ ನೋಡಿ ವಾಪಸಾದವರಂತೆ ನಿಂತರು. ಅಷ್ಟರಲ್ಲಿ ಜೇಬು ಮತ್ತೆ ನಡುಗಿತು. ಇದೇ ನೆಪವೆಂದು ಅವನು ಕಾರಿಡಾರಿಗೆ ಬಂದ.

"ಭಾವ, ನಾನು."

"ಹೇಳಪ್ಪ."

"ಅಕ್ಕ ಇಲ್ಲೇ ಇದ್ದಾಳೆ."

"ಗೊತ್ತು."

"ನಿನ್ನೆಯಿಂದ ಒಂದು ಫೋನ್ ಮಾಡ್ಲಿಲ್ಲ ನೀವು."

"ಇವತ್ತು ತರಬೇತಿ ಇದೆ."

"ನಿನ್ನೆ?"

"ನಿನ್ನೆ ಅದರ ತಯಾರಿ ಇತ್ತು."

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದು. ಭಾಮೈದ ದನಿ ತಗ್ಗಿಸಿದ. "ಅಕ್ಕನಿಗೆ ಗಂಟು ಆಗಿತ್ತು ಅಂತ ನಿಮಗೆ ಗೊತ್ತಿತ್ತಾ?"

"ಯಾವ ಗಂಟು?"

"ಎದೇಲಿ. ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಿದ್ರಂತೆ. ಏನೂ ತೊಂದರೆ ಇಲ್ಲ ಅಂತ ಮೊನ್ನೆ ಬಂತಂತೆ. ಆಸ್ಪತ್ರೆಗೆ ಒಬ್ಬಳೇ ಓಡಾಡಿದ್ದಾಳೆ, ಭಾವ. ನಿಮಗೆ ಹೇಳಿದ್ದೆ ಅಂತಾಳೆ."

"ನನಗೆ ಹೇಳಿಲ್ಲ."

ಹೇಳಿದ ಕ್ಷಣವೇ ಅವನಿಗೆ ನೆನಪಾಯಿತು. ಅಡುಗೆಮನೆಯ ಮೇಜಿನ ಮುಂದೆ ಕೂತು ಕ್ರಿಯಾಪದದ ಆಟಕ್ಕೆಂದು ರಟ್ಟಿನ ತುಂಡು ಕತ್ತರಿಸುತ್ತಿದ್ದ. ಅವಳು ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಅದರ ಹಿಂದಿನ ದಿನವೆಲ್ಲ ಅಟ್ಟದ ಮೇಲೆ ಹಳೆಯ ಉಣ್ಣೆ ಬಟ್ಟೆಯ ಗಂಟು ಹುಡುಕುತ್ತಿದ್ದಳು. "ಗಂಟು ಸಿಕ್ಕಿದೆ ರೀ," ಎಂದಿದ್ದಳು. ಅವನು ತಲೆಯೆತ್ತದೆ, "ಒಳ್ಳೇದಾಯ್ತು," ಎಂದಿದ್ದ.

ಅವಳು ಫ್ರಿಜ್ಜಿನ ಬಾಗಿಲು ತೆಗೆದು ಏನನ್ನೂ ತೆಗೆದುಕೊಳ್ಳದೆ ಮುಚ್ಚಿದ್ದಳು. ಇದೆಲ್ಲ ಅವನಿಗೆ ಈಗ ಇಷ್ಟು ಸ್ಪಷ್ಟವಾಗಿ ಕಾಣುತ್ತಿದೆಯೆಂದರೆ ಆಗಲೂ ಕಂಡಿರಲೇಬೇಕು.

"ಸಂಜೆ ಬರ್ತೀರಾ?" ಎಂದ ಭಾಮೈದ.

"ಐದಕ್ಕೆ ಮುಗಿಯುತ್ತೆ."

"ಬರ್ತೀರಾ ಅಂತ ಕೇಳಿದೆ."

"ಬರ್ತೀನಿ."

ಒಳಗೆ ಇಬ್ಬಿಬ್ಬರ ಜೋಡಿ ಮಾಡುತ್ತಿದ್ದರು. ಅವನ ಪಾಲಿಗೆ ಗುಂಗುರು ಕೂದಲಿನ ಟೀಚರೊಬ್ಬರು ಬಂದರು. ಅಭ್ಯಾಸ ಸುಲಭ: ನಿನ್ನೆ ಏನಾಯಿತು, ಒಂದು ವಾಕ್ಯದಲ್ಲಿ ಹೇಳಿ. ವಾಕ್ಯ ನಿಜವಾಗಿರಲಿ ಎಂದಿದ್ದಳು ಮದಾಮ್; ಕಲಿಯುವವನು ನಿಜ ಹೇಳಿದಾಗಲೇ ಭಾಷೆ ಅವನದಾಗುತ್ತದೆ ಎಂದು ಹೊಸ ಬೋಧನಾ ವಿಧಾನ ಹೇಳುತ್ತದೆ.

"ನಿನ್ನೆ ನಾನು ಒಂದು ಸೇಬನ್ನು ತಿಂದೆನು," ಎಂದರು ಗುಂಗುರು ಕೂದಲಿನವರು. ನಿಜವೇ ಇರಬೇಕು. ಮುಖದಲ್ಲಿ ಅಂಥ ತೃಪ್ತಿಯಿತ್ತು.

ಮದಾಮ್ ಸಾಲಾಗಿ ಕೇಳುತ್ತ ಬಂದಳು. ಒಬ್ಬರು ಪತ್ರಿಕೆ ಓದಿದ್ದರು. ಒಬ್ಬರು ಅತ್ತಿಗೆಗೆ ಚಪ್ಪಲಿ ಕೊಂಡಿದ್ದರು. ಅವನ ಸರದಿ ಬಂತು. ಅವನು ಎದ್ದು ನಿಂತ. ನಾನು ಬಸ್ಸನ್ನು ಹತ್ತಿದೆನು ಎಂದು ತಯಾರಾಗಿ ಇಟ್ಟುಕೊಂಡಿದ್ದ. ಬಾಯಿಗೆ ಬಂದದ್ದು ಬೇರೆ.

"ನಿನ್ನೆ ನನ್ನ ಹೆಂಡತಿ ಹೊರಟು ಹೋದಳು."

ಮದಾಮ್ ತೋರುಬೆರಳೆತ್ತಿದಳು. ತಪ್ಪಾಗಿತ್ತು.

ಕನ್ನಡದಲ್ಲಿ 'ಹೋದಳು' ಎಂದರೆ ಮುಗಿಯಿತು. ಹೋದವಳು ಹೆಣ್ಣು, ಹೋಗಿಯಾಗಿದೆ, ಎಲ್ಲ ಆ ಒಂದು ಪದದಲ್ಲಿ. ಫ್ರೆಂಚಿಗೆ ಅಷ್ಟು ಸಾಲದು. ಮುಂದೊಂದು ಸಹಾಯಕ ಕ್ರಿಯಾಪದ ಬೇಕು. ತಿನ್ನುವುದಕ್ಕೆ, ಓದುವುದಕ್ಕೆ, ಕೊಳ್ಳುವುದಕ್ಕೆಲ್ಲ 'ಹೊಂದಿರು'. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು ಇಂಥವಕ್ಕೆ ಮಾತ್ರ 'ಇರು'. ಹೆಂಡತಿ ಹೋಗುವುದಕ್ಕೆ ಅವನು ಸೇಬು ತಿನ್ನುವ ಕ್ರಿಯಾಪದ ಹಾಕಿದ್ದ. ಹತ್ತೊಂಬತ್ತು ವರ್ಷ ಇದೇ ತಪ್ಪಿಗೆ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೆಂಪು ಗೆರೆ ಎಳೆದಿದ್ದ.

"ಎ ಪಾರ್ತಿ," ಎಂದು ಮದಾಮ್ 'ಇರು' ಹಾಕಿ ತಿದ್ದಿದಳು. ಹಲಗೆಯ ಮೇಲೆ ಬರೆದಳು. ಕೊನೆಗೆ ಒಂದು ಅಕ್ಷರ ಸೇರಿಸಿ ಅದರ ಸುತ್ತ ವೃತ್ತ ಎಳೆದಳು. ಹೋದವಳು ಹೆಣ್ಣಾದ್ದರಿಂದ ಈ ಅಕ್ಷರ. ಉಚ್ಚಾರಣೆಯಲ್ಲಿ ಇದು ಕೇಳಿಸುವುದಿಲ್ಲ. ಬರೆಯುವಾಗ ಬಿಡುವಂತಿಲ್ಲ.

"ಪುನಃ ಹೇಳಿ."

ಅವನು ಪುನಃ ಹೇಳಿದ. ಈ ಸಲ ಹೆಂಡತಿ ಸರಿಯಾಗಿ ಹೋದಳು. ಚಪ್ಪಾಳೆ ಬಿತ್ತು.

"ಎಂಥ ಒಳ್ಳೆಯ ವಾಕ್ಯ!" ಮದಾಮ್ ಹುರುಪಿನಿಂದ ಕೈ ಉಜ್ಜಿಕೊಂಡಳು. "ಈಗ ಒಬ್ಬೊಬ್ಬರೂ ಇವರಿಗೆ ಒಂದೊಂದು ಪ್ರಶ್ನೆ ಕೇಳಿ. ಭೂತಕಾಲದಲ್ಲಿ."

ಸೇಬು ತಿಂದವರು, ಪತ್ರಿಕೆ ಓದಿದವರು ಎಲ್ಲರ ಕೈಯೂ ಮೇಲೇರಿತು. ಅವಳು ಎಲ್ಲಿಗೆ ಹೋದಳು? ತಮ್ಮನ ಮನೆಗೆ. ಹೇಗೆ ಹೋದಳು? ಆಟೋದಲ್ಲಿ. ಏನನ್ನು ಒಯ್ದಳು? ಒಂದು ಚೀಲವನ್ನು, ಮತ್ತು ಇಸ್ತ್ರಿ ಪೆಟ್ಟಿಗೆಯನ್ನು. ಇಸ್ತ್ರಿ ಪೆಟ್ಟಿಗೆಗೆ ಎಲ್ಲರೂ ನಕ್ಕರು. ಅದೂ ನಿಜವಾಗಿತ್ತು. ನೀವು ಆಗ ಏನು ಮಾಡಿದಿರಿ? ಚೀಲವನ್ನು ಗೇಟಿನವರೆಗೆ ಎತ್ತಿಕೊಟ್ಟೆನು.

ಅವನಿಗೆ ಆಶ್ಚರ್ಯವಾಗುತ್ತಿತ್ತು. ಯಾರಿಗೂ ಹೇಳದೇ ಇದ್ದದ್ದು, ತನಗೇ ಹೇಳಿಕೊಳ್ಳದೇ ಇದ್ದದ್ದು, ನೀರು ಕುಡಿದಷ್ಟು ಸಲೀಸಾಗಿ ಹೊರಬರುತ್ತಿತ್ತು. ಲಿಂಗ, ವಚನ, ಸಹಾಯಕ ಕ್ರಿಯಾಪದ ಎಲ್ಲ ಸರಿಯಾಗಿ. ಹೇಳುತ್ತ ಹೇಳುತ್ತ ಮೂಗೂ ಸರಿಯಾಗಿ ನಡುಗತೊಡಗಿತ್ತು.

"ಹೋಗುವಾಗ ಅವಳು ಏನೆಂದಳು?" ಗುಂಗುರು ಕೂದಲಿನವರು ಕೇಳಿದರು.



ಅವಳು 'ಹೋಗ್ತೀನಿ' ಎಂದಿದ್ದಳು. ತರಕಾರಿ ತರಲು ಹೊರಟರೂ 'ಬರ್ತೀನಿ' ಎನ್ನುತ್ತಿದ್ದವಳು. ಮನೆಯಿಂದ ಹೊರಗೆ ಕಾಲಿಡುವ ಯಾರೂ ಹಾಗೇ ಹೇಳುವುದು. ನಿನ್ನೆ ಗೇಟಿನ ಹತ್ತಿರ ಚೀಲ ಇಸಿದುಕೊಂಡು 'ಹೋಗ್ತೀನಿ' ಎಂದಳು. ಅವನಿಗೆ ಕೇಳಿಸಿತು. ಕ್ರಿಯಾಪದ ಬದಲಾಗಿದೆ ಎಂದು ಗಮನಿಸಿದ. ಭಾಷೆಯ ಮೇಷ್ಟ್ರಾದ್ದರಿಂದ ಆ ಬಳಕೆ ಸ್ವಾರಸ್ಯವಾಗಿದೆ ಎಂದೂ ಅನ್ನಿಸಿತು.

ಇದನ್ನು ಫ್ರೆಂಚಿನಲ್ಲಿ ಹೇಳಲು ನೋಡಿದ. ಆಗಲಿಲ್ಲ. ಆ ಭಾಷೆಯಲ್ಲಿ ಹೋಗುವವರು ಹೋಗುತ್ತೇನೆ ಎಂದೇ ಹೇಳುತ್ತಾರೆ.

"ನಾನು ಹೋಗುತ್ತೇನೆ, ಎಂದಳು," ಎಂದ.

"ಸಹಜವೇ!" ಎಂದರು ಯಾರೋ. ಮತ್ತೆ ನಗು.

"ಅವಳು ಯಾವಾಗ ಮರಳಿ ಬರುವಳು?" ಎಂದರು ಹಿಂದಿನ ಸಾಲಿನವರು.

"ಭವಿಷ್ಯತ್ ಕಾಲದ ಪಾಠ ಇನ್ನೂ ಆಗಿಲ್ಲ," ಎಂದ ಅವನು.

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮದಾಮ್ ಕಣ್ಣೊರೆಸಿಕೊಂಡಳು. ಅವನೂ ನಕ್ಕ. ಇಷ್ಟು ಜನರನ್ನು ಅವನು ಎಂದೂ ನಗಿಸಿರಲಿಲ್ಲ.

ಪ್ರಮಾಣಪತ್ರ ಹಂಚಿದ ಮೇಲೆ ಸಂಯೋಜಕರು ಅವನನ್ನು ಪಕ್ಕಕ್ಕೆ ಕರೆದರು. ಮದಾಮ್ ಊರಿನ ಸಂಸ್ಥೆಯಲ್ಲಿ ಭಾಷಾ ಶಿಕ್ಷಕರಿಗೆ ನಾಲ್ಕು ತಿಂಗಳ ತರಬೇತಿ. ಇಡೀ ಗುಂಪಿನಿಂದ ಒಬ್ಬರನ್ನೇ ಕಳಿಸುವುದು. ಮದಾಮ್ ಅವನ ಹೆಸರು ಹೇಳಿದ್ದಳು.

"ನಿಮಗೆ ಕಲ್ಪನೆ ಇದೆ," ಎಂದಳು ಮದಾಮ್ ಕನ್ನಡದಲ್ಲಿ. "ಬೇರೆ ಜನ ಸೇಬು, ಸೇಬು. ನೀವು ಹೆಂಡತಿ ಕಥೆ ಕಟ್ಟಿತು."

"ಬರೋ ವಾರದೊಳಗೆ ಹೇಳಿಬಿಡಿ ಸಾರ್," ಎಂದರು ಸಂಯೋಜಕರು. "ಇಂಥ ಅವಕಾಶ ಮತ್ತೆ ಬರಲ್ಲ. ಮನೇಲೇನೂ ತೊಂದರೆ ಇಲ್ಲ ತಾನೆ?"

"ಮನೇಲಿ ತೊಂದರೆ ಕೊಡೋರು ಯಾರೂ ಇಲ್ಲ," ಎಂದ.

"ಅದೃಷ್ಟವಂತರು ಬಿಡಿ."

ಭಾಮೈದನದು ಎತ್ತರದ ಅಪಾರ್ಟ್‌ಮೆಂಟು. ಮೇಲೆ ಬರುವುದು ಬೇಡ ಎಂದು ಹೆಂಡತಿಯೇ ಕೆಳಗಿಳಿದು ಬಂದಳು. ವಾಹನ ನಿಲ್ಲಿಸುವ ಜಾಗದ ಪಕ್ಕ ಸಿಮೆಂಟಿನ ಬೆಂಚಿತ್ತು. ಇಬ್ಬರೂ ಎರಡು ತುದಿಗೆ ಕೂತರು. ಅವಳು ತಮ್ಮನ ಹೆಂಡತಿಯ ಚಪ್ಪಲಿ ಹಾಕಿಕೊಂಡಿದ್ದಳು. ಹಿಮ್ಮಡಿ ಹೊರಗೆ ಚಾಚಿತ್ತು.

"ಊಟ ಆಯ್ತಾ?" ಎಂದಳು.

"ಅಲ್ಲೇ ಕೊಟ್ರು."

"ಚೆನ್ನಾಗಿತ್ತಾ?"

"ಪರವಾಗಿಲ್ಲ. ನೋವಿದೆಯಾ?"

"ಎಲ್ಲಿ?"

 ಒಂದು ಕಾರು ಹಿಂದಕ್ಕೆ ಬಂದು, ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದು ನಿಂತಿತು.

"ಬಟ್ಟೆ ಗಂಟು ಅಂದ್ಕೊಂಡೆ," ಎಂದ.

"ಗೊತ್ತಾಯ್ತು. ಆಮೇಲೆ ಗೊತ್ತಾಯ್ತು ನನಗೆ. ನಗು ಕೂಡ ಬಂತು." ಅವಳು ನಗಲಿಲ್ಲ. "ಎರಡನೇ ಸಲ ಹೇಳ್ಬೇಕು ಅಂತ ಅನ್ನಿಸ್ಲಿಲ್ಲ. ಕೆಟ್ಟದ್ದು ಅಂತ ಬಂದಿದ್ರೆ ಇದ್ದುಬಿಡ್ತಿದ್ದೆನೋ ಏನೋ. ಏನಿಲ್ಲ ಅಂತ ಬಂತು. ಇನ್ನೂ ಬಹಳ ವರ್ಷ ಇರ್ತೀನಿ ಅಂತ ಆಯ್ತಲ್ಲ. ಅಷ್ಟು ವರ್ಷ ಆ ಅಡುಗೆಮನೇಲಿ ಅಂತ ಯೋಚನೆ ಮಾಡಿದೆ, ಹೆದರಿಕೆ ಆಯ್ತು ರೀ."

ಅವನು ಕಾರನ್ನೇ ನೋಡುತ್ತಿದ್ದ.

"ನಾಲ್ಕು ತಿಂಗಳು ಫ್ರೆಂಚರ ದೇಶಕ್ಕೆ ಹೋಗೋಕೆ ನನ್ನನ್ನ ಆರಿಸಿದ್ದಾರೆ," ಎಂದ.

"ಹೌದಾ. ಯಾಕೆ?"

"ಇವತ್ತು ಚೆನ್ನಾಗಿ ಮಾತಾಡಿದೆನಂತೆ."

"ಯಾವುದರ ಬಗ್ಗೆ?"

"ನಿನ್ನ ಬಗ್ಗೆ."

ಅವಳು ಪೂರ್ತಿ ಅವನ ಕಡೆ ತಿರುಗಿದಳು. ಬಹಳ ದಿನಗಳ ಮೇಲೆ ಅವಳ ಮುಖ ಇಷ್ಟು ಹತ್ತಿರ, ಇಷ್ಟು ಬೆಳಕಿನಲ್ಲಿ. "ಏನಂದ್ರಿ? ಅವರಿಗೆ ಹೇಳಿದ್ರಲ್ಲ, ಅದನ್ನೇ ಹೇಳಿ ನೋಡೋಣ. ಕೇಳ್ತೀನಿ."

ಅವನು ಬಾಯಿ ತೆರೆದ. 'ನೀನು' ಎಂದ.  ಇನ್ನೊಮ್ಮೆ 'ನೀನು' ಎಂದ. ಅವಳು ಕಾದಳು. ಕೊನೆಗೆ ಅವನು ಕಣ್ಣು ಮುಚ್ಚಿ ಫ್ರೆಂಚಿನಲ್ಲಿ ಶುರು ಮಾಡಿದ. ಅವಳು ಹೋದದ್ದು, ಚೀಲ ತಾನೇ ಎತ್ತಿಕೊಟ್ಟದ್ದು, ಸಭೆಯಲ್ಲಿ ಹೇಳದೆ ಬಿಟ್ಟದ್ದೂ: ಆಟೋ ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಹೋಗಿ ಮೇಜಿನ ಮುಂದೆ ಕೂತು ಇವತ್ತಿನ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದು, ರಾತ್ರಿ ಎರಡು ತಟ್ಟೆ ತೊಳೆದಿಟ್ಟದ್ದು, ಹೆದರಿಕೆ ಆದದ್ದು. ಒಂದು ತಪ್ಪೂ ಆಗಲಿಲ್ಲ. ಕಣ್ಣು ತೆರೆದಾಗ ಅವಳು ಹಾಗೆಯೇ ಕೂತಿದ್ದಳು, ಕೈ ಮಡಿಲಲ್ಲಿಟ್ಟು, ರೇಡಿಯೋದಲ್ಲಿ ಪರದೇಶದ ಸ್ಟೇಷನ್ನು ಹತ್ತಿದಾಗ ಕೇಳುವವರ ಹಾಗೆ.

"ಕೇಳೋಕೆ ಚೆನ್ನಾಗಿದೆ," ಎಂದಳು.

ಎದ್ದು ಸೆರಗು ಸರಿಮಾಡಿಕೊಂಡಳು. ಇನ್ನೇನೋ ಹೇಳುತ್ತಾಳೆಂದು ಅವನೂ ಎದ್ದ. ಅವಳು ಸುಮ್ಮನೆ ಲಿಫ್ಟಿನ ಕಡೆ ನಡೆದಳು. ಚಪ್ಪಲಿ ಚಿಕ್ಕದಾದ್ದರಿಂದ ನಿಧಾನವಾಗಿ.

ಅವನು ಗೇಟು ದಾಟಿ ರಸ್ತೆಯ ಆ ಬದಿಗೆ ಹೋಗಿ ತಿರುಗಿ ನೋಡಿದ. ದೀಪ ಹತ್ತುವ ಹೊತ್ತು. ಭಾಮೈದನ ಮನೆ ಎಷ್ಟನೆಯ ಮಹಡಿ ಎಂದು ಅವನು ಎಂದೂ ಎಣಿಸಿರಲಿಲ್ಲ. ಮೇಲೆ ಒಂದು ಕಿಟಕಿ ಬೆಳಗಿತು. ಮುಚ್ಚಿದ ಗಾಜಿನ ಹಿಂದೆ ಒಬ್ಬ ಹೆಂಗಸು. ಅವಳ ಕೈ ಮೇಲೆದ್ದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಆಡುತ್ತಿತ್ತು. ಕೈ ಬೀಸುತ್ತಿದ್ದಾಳೋ, ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದಾಳೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅದು ಅವಳೇ ಎಂದು ಹೇಳುವಂತೆಯೂ ಇರಲಿಲ್ಲ.

ಅವನು ಕೈ ಎತ್ತಿದ. ಆ ಕೈ ಹೇಗೆ ಆಡಿತೋ ಹಾಗೇ ಆಡಿಸಿದ. ನಿಲ್ಲಿಸಲು ಸರಿಯಾದ ಹೊತ್ತು ಯಾವುದೆಂದು ತೋಚಲಿಲ್ಲ. ಕಿಟಕಿಯ ದೀಪ ಆರಿತು. ಫುಟ್‌ಪಾತಿನಲ್ಲಿ ಬರುತ್ತಿದ್ದವರು ಅವನನ್ನು ಬಳಸಿಕೊಂಡು ದಾಟಿ ಹೋದರು, ಅಲ್ಲಿ ನಿಜವಾಗಿಯೂ ಒಂದು ದೊಡ್ಡ ಗಾಜು ನಿಂತಿದೆ, ಅವನು ಅದನ್ನು ಒರೆಸುತ್ತಿದ್ದಾನೆ ಎಂಬಂತೆ.