ಹಕ್ಕಿ ಬಿತ್ತಿದ ಗಿಡ

ಈಗಲೇ ಹೇಳಿಬಿಡುವುದೋ, ಅಕ್ಕ ಚಹಾ ಕುಡಿದಾದ ಮೇಲೆ ಹೇಳುವುದೋ? ಹೇಳದೆಯೇ ಇದ್ದರೆ ಏನಾದೀತು? ಫಾರ್ಕರ್ ಒಲೆಯ ಮೇಲೆ ನೀರಿಟ್ಟು ಸುಮ್ಮನೆ ನಿಂತ. ಹದಿನೈದು ತಿಂಗಳು ಗ್ಲಾಸ್ಗೋದಲ್ಲಿ ಶ್ವಾಸಕೋಶಕ್ಕೆ ಚಿಕಿತ್ಸೆ ಪಡೆದು ಬಂದ ಇಶ್ಬೆಲ್, ಮನೆಯೊಳಗೆ ಕಾಲಿಡುವ ಮೊದಲೇ ಹಿತ್ತಲಿಗೆ ನಡೆದಿದ್ದಳು.

ಗೇಟಿನ ಬಳಿಯ ರೋವನ್ ಮರವನ್ನು ಅಮ್ಮ ನೆಟ್ಟದ್ದು ಇಶ್ಬೆಲ್ ಹುಟ್ಟಿದ ವರ್ಷ. ಹೋದ ಜನವರಿಗೂ ಹಿಂದಿನ ಜನವರಿಯ ಬಿರುಗಾಳಿಗೆ ಅದು ಬೇರುಸಮೇತ ಮಗುಚಿತು. ರೋವನ್ ಬಾಗಿಲು ಕಾಯುವ ಮರವೆಂದು ಊರಿನ ನಂಬಿಕೆ, ಅದಕ್ಕೆ ಕಬ್ಬಿಣ ತಾಗಿಸುವಂತಿಲ್ಲ. ಮರ ಬಿದ್ದಲ್ಲೇ ದಾರಿಗೆ ಅಡ್ಡವಾಗಿ ಒಣಗಿತು. ಫಾರ್ಕರ್ ಪಕ್ಕದ ಕಲ್ಲುಗೋಡೆಯನ್ನು ಒಡೆದು ಓಡಾಡಲು ಕಿಂಡಿ ಮಾಡಿದ. ಮರ ಬೀಳುವ ಮುಂಚಿನ ಶರತ್ಕಾಲದಲ್ಲಿ ಇಶ್ಬೆಲ್ ಅದರ ಕೆಂಪು ಹಣ್ಣುಗಳನ್ನು ಕಿವುಚಿ, ಮರಳಿನಲ್ಲಿ ಕಲಸಿ, ಕುಂಡಕ್ಕೆ ತುಂಬಿ, ಮೇಲೆ ಕಲ್ಲುಚಪ್ಪಡಿ ಮುಚ್ಚಿ, ಉತ್ತರದ ಗೋಡೆಯ ಬುಡದಲ್ಲಿ ಹೂತಿದ್ದಳು. ಊರು ಬಿಡುವಾಗ, "ಎರಡು ಚಳಿಗಾಲ ಮಲಗ್ಲಿ. ನೀನು ಮುಟ್ಬೇಡ" ಎಂದಿದ್ದಳು.

ಮೊದಲ ವಸಂತದಲ್ಲಿ ಏನೂ ಮೊಳೆಯಲಿಲ್ಲ. ಆಗಸ್ಟಿನವರೆಗೆ ಕಾದ ಅವನು ಬೀಜ ಸತ್ತಿದೆ ಎಂದುಕೊಂಡು ಎಲ್ಲವನ್ನೂ ಕುರಿದೊಡ್ಡಿಯ ದಾರಿಯ ಕೆಸರಿಗೆ ಸುರಿದ. ಬರುತ್ತೇನೆಂದು ಅಕ್ಕನ ಕಾಗದ ಬಂದ ದಿನ, ಕುಂಡಕ್ಕೆ ಹೊಳೆಯ ಮರಳು ತುಂಬಿ ಮತ್ತೆ ಹೂತಿಟ್ಟ.

ಅವನು ಹಿತ್ತಲಿಗೆ ಹೋದಾಗ ಇಶ್ಬೆಲ್ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಮರಳನ್ನು ಬೆರಳ ಸಂದಿನಿಂದ ಸೋಸುತ್ತಿದ್ದಳು.

"ಮೊಳಕೆ ಹಾಗಿರ್ಲಿ, ಒಂದು ಬೀಜಾನೂ ಇಲ್ವಲ್ಲೋ."

"ಇಲಿ ತಿಂದಿರ್ಬೇಕು ಅಕ್ಕ."

"ಚಪ್ಪಡಿ ಎತ್ತಿ, ತಿಂದು, ವಾಪಸ್ ಮುಚ್ಚಿಟ್ಟು ಹೋಯ್ತಾ? ನಿನ್ ಹಾಗೆ ಕಾಲೇಜು ಓದಿದ ಇಲಿ ಇರ್ಬೇಕು."

ಅವನು ನಗಲಿಲ್ಲ. ಅವಳೂ ನಗಲಿಲ್ಲ.

"ಅಮ್ಮನ ಮರದ್ದು ಅಂತ ಉಳಿದಿದ್ದು ಇದೊಂದೇ ಕಣೋ" ಎಂದಳು. ಅವಳ ಕೈ ಇನ್ನೂ ಮರಳಿನಲ್ಲೇ ಇತ್ತು.

ಕೊನೆಗೆ ಎದ್ದು, ಕುರಿಗಳನ್ನಾದರೂ ನೋಡುತ್ತೇನೆ ಎಂದು ಹೊರಟಳು. ದೊಡ್ಡಿಯ ದಾರಿಯಲ್ಲಿ ಥಟ್ಟನೆ ನಿಂತಳು. ಫಾರ್ಕರ್ ಅವಳ ಹೆಗಲ ಮೇಲಿಂದ ನೋಡಿದ. ಕೆರೆದ ನೆಲದ ತುಂಬ ಬಾಡಿದ ಸಸಿಗಳು ಬಿದ್ದಿದ್ದವು, ಇಪ್ಪತ್ತೋ ಮೂವತ್ತೋ. ಗೋಡೆಯ ಬುಡಕ್ಕೆ ಅಂಟಿಕೊಂಡು ಮೂರು ಮಾತ್ರ ನಿಂತಿದ್ದವು, ಗರಗಸದ ಅಂಚಿನ ಪುಟ್ಟ ಎಲೆಗಳು. ಆಗಸ್ಟಿನಲ್ಲಿ ಅವನು ಕುಂಡವನ್ನು ಸುರಿದದ್ದು ಇಲ್ಲೇ. ಅಕ್ಕ ಬರುತ್ತಾಳೆಂದು ಬೆಳಿಗ್ಗೆ ಗುದ್ದಲಿ ಹಿಡಿದು ಆ ದಾರಿಯನ್ನು ಹಸನು ಮಾಡಿದವನು ಅವನೇ.

"ರೋವನ್‌ಗೆ ಕಬ್ಬಿಣ ತಾಗ್ಸಿದ್ದು ಯಾರೋ?"

"ನಾನೇ. ಕಳೆ ಅಂದ್ಕೊಂಡೆ."

ಅವಳು ಬೈಯಲಿಲ್ಲ. ಮಂಡಿಯೂರಿ, ಉಳಿದ ಮೂರರಲ್ಲಿ ಒಂದನ್ನು ಬೆರಳಿನಿಂದಲೇ ಮಣ್ಣುಸಮೇತ ಬಿಡಿಸಿದಳು.

"ಹಕ್ಕಿ ತಂದು ಉದುರಿಸಿರೋದು. ಯಾರ ಮನೆ ಮರದ್ದೋ ಏನೋ. ನಮ್ಮದಲ್ದಿದ್ರೂ ಬಾಗಿಲಿಗೆ ಒಂದು ಬೇಕಲ್ಲ."

ಅವನು ನೀರು ತರಲು ಹೋದ.

ಬಿದ್ದ ಮರದ ಪಕ್ಕದಲ್ಲೇ ಅವಳು ಸಸಿಯನ್ನು ನೆಟ್ಟಳು. ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಹಣ್ಣು ಕೆಂಪಾದಾಗ ಯಾರಾದರೂ ಮೆಚ್ಚಿದರೆ, "ಅಮ್ಮನದು ಹೋಯ್ತು, ಇದು ಹಕ್ಕಿ ಕೊಟ್ಟಿದ್ದು" ಎನ್ನುತ್ತಿದ್ದಳು. ಆಗೆಲ್ಲ ಫಾರ್ಕರ್ ಅಲ್ಲೇ ಇರುತ್ತಿದ್ದ.

ಅದು ಅಮ್ಮನ ಮರದ್ದೇ ಸಸಿ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.