ಒಳಬದಿಯ ಕಪ್ಪು ಹೊಲಿಗೆ

ಸೂಜಿಗೆ ಕಪ್ಪು ದಾರ ಪೋಣಿಸಿ, ರವಿಕೆಯ ಒಳಬದಿಯಲ್ಲಿ, ಕಂಕುಳ ಹತ್ತಿರ ಯಾರಿಗೂ ಕಾಣದ ಕಡೆ, ಒಂದು ಪುಟ್ಟ ಹೊಲಿಗೆ ಹಾಕಿದೆ. ಮದುಮಗಳ ರವಿಕೆ ಅಂಗಡಿಯಿಂದ ಹೊರಡುವ ಮುನ್ನ ಆ ಹೊಲಿಗೆ ಬೀಳಲೇಬೇಕು, ಅದನ್ನು ಹಾಕುವಾಗ ಮಾತಾಡಬಾರದು. ಗುಲಾಬಿಯಕ್ಕನ ಹೊಲಿಗೆ ಅಂಗಡಿಯ ನಿಯಮ ಅದು. ಅಷ್ಟು ಚೆಂದದ ಬಟ್ಟೆಯಲ್ಲಿ ಒಂದು ಕುಂದು ಇರಲಿ, ಕೆಟ್ಟ ಕಣ್ಣು ಬಿದ್ದರೆ ಅದರ ಮೇಲೆ ಬೀಳಲಿ ಎನ್ನುವುದು ಅವರ ನಂಬಿಕೆ. ಮಾತಿಲ್ಲದ ಕೆಲಸವಾದ್ದರಿಂದ ಅದು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು.

ಆ ದಿನ ದಾರ ಕತ್ತರಿಸಿದ ಮೇಲೂ ನಾನು ಬಾಯಿ ಬಿಡಲಿಲ್ಲ.

"ಏನೇ, ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ?" ಎಂದರು ಗುಲಾಬಿಯಕ್ಕ, ಮೆಷಿನ್ ನಿಲ್ಲಿಸದೆ.

"ವಾರಿಜಾ ಫೋನಲ್ಲಿ ನನ್ನನ್ನ ಫ್ರೆಂಡ್ಸಿಂದ ತೆಗೆದುಹಾಕಿದ್ದಾಳೆ ಅಕ್ಕ."

ಮೆಷಿನ್ ನಿಂತಿತು.

"ಅವಳ ಮದುವೆ ಹತ್ರ ಬಂತಲ್ಲೇ? ರವಿಕೆ ನೀನೇ ಹೊಲೀಬೇಕು ಅಂತಿದ್ಲಲ್ಲ?"

ನಾನು ತಲೆಯಾಡಿಸಿದೆ.

ವಾರಿಜಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಲು ಒಬ್ಬರು ಬೇಕಾಯಿತೆಂದು ನಾನು ಶಾಲೆ ಬಿಟ್ಟೆ. ಅವಳು ಓದು ಮುಂದುವರಿಸಿದಳು. ನಾನು ಗುಲಾಬಿಯಕ್ಕನ ಹತ್ತಿರ ಸೇರಿದಾಗ ಮೊದಲು ಬಂದವಳು ಅವಳೇ, ತನ್ನ ದುಪಟ್ಟಾದ ಅಂಚು ಹೊಲಿಸಲು. ಸೊಟ್ಟಗಿದ್ದ ಆ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ನನ್ನ ಮದುವೆ ರವಿಕೆ ನೀನೇ ಹೊಲೀಬೇಕು ಕಣೆ. ಅಷ್ಟರಲ್ಲಿ ನೆಟ್ಟಗೆ ಹೊಲಿಯೋದು ಕಲ್ತಿರು," ಎಂದಿದ್ದಳು. ಆಮೇಲೆ ಅವಳೂ ಅವಳ ಮನೆಯವರೂ ಊರು ಬಿಟ್ಟರು. ಉಳಿದದ್ದು ಫೋನು ಮಾತ್ರ. ಅಲ್ಲಿ ಅವಳು ಹಾಕುವ ಫೋಟೋಗಳನ್ನು ನಾನು ಬೆರಳಿನಿಂದ ಹಿಗ್ಗಿಸಿ, ತೋಳಿನ ಕುಚ್ಚು, ಬೆನ್ನಿನ ಕಟ್ಟು ಎಲ್ಲವನ್ನೂ ನೋಡುತ್ತಿದ್ದೆ. ಕೆಳಗೆ ನನ್ನದೊಂದು ಸಾಲು ಬರೆಯುತ್ತಿದ್ದೆ.

ಅವಳ ಹೆಸರಿನ ಪಕ್ಕ ಈಗ 'ಸ್ನೇಹಿತರನ್ನಾಗಿ ಸೇರಿಸಿ' ಎಂದು ಬರುತ್ತಿತ್ತು. ಸಂದೇಶ ಕಳಿಸುವ ದಾರಿ ಮಾತ್ರ ಮುಚ್ಚಿರಲಿಲ್ಲ. ಬರೆದರೆ ಇಂಗ್ಲಿಷಿನಲ್ಲೇ ಬರೆಯಬೇಕೆಂದು ನನಗೆ ಅನಿಸಿತು. ಹುಡುಗನ ಕಡೆಯವರ ಭಾಷೆ ಬೇರೆ. ಅವಳೂ ಅವರೂ ಇಂಗ್ಲಿಷಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ನನ್ನ ಮಾತು ಆ ಮನೆಯಲ್ಲಿ ಯಾರ ಕಣ್ಣಿಗೆ ಬಿದ್ದರೂ ಅವಳಿಗೆ ತಲೆ ತಗ್ಗಿಸುವ ಹಾಗೆ ಆಗಬಾರದಿತ್ತು.

ಅಷ್ಟರಲ್ಲಿ ಲಿಲ್ಲಿ ಟೀಚರ್ ತಮ್ಮ ರವಿಕೆ ನೋಡಲು ಬಂದರು.

"ಟೀಚರ್, ನಿಮ್ಮದು ಆಮೇಲೆ," ಎಂದರು ಗುಲಾಬಿಯಕ್ಕ. "ಮೊದಲು ನಮ್ಮ ಹುಡುಗಿಗೆ ನಾಲ್ಕು ಸಾಲು ಇಂಗ್ಲಿಷ್ ಹೊಲಿದುಕೊಡಿ. ಗೆಳತಿ ಇವಳನ್ನ ಫೋನಿಂದ ಆಚೆ ಹಾಕಿದ್ದಾಳೆ."

ಟೀಚರ್ ಸ್ಟೂಲಿನ ಮೇಲೆ ಕೂತು ಪೆನ್ನು ತೆಗೆದರು. "ಬೈಯಬೇಕೋ, ಬೇಡಿಕೊಳ್ಳಬೇಕೋ?"

"ಎರಡೂ ಅಲ್ಲ ಟೀಚರ್. ಯಾಕೆ ಅಂತ ಕೇಳಬೇಕು. ಮರ್ಯಾದೆಯಾಗಿ."

"ಹಾಗಾದ್ರೆ 'ಐ ರೆಸ್ಪೆಕ್ಟ್ ಯುವರ್ ಡಿಸಿಷನ್' ಅಂತ ಶುರು ಮಾಡೋಣ. ನಿನ್ನ ತೀರ್ಮಾನಾನ ಗೌರವಿಸ್ತೀನಿ ಅಂತ."

"ಗೌರವಿಸಲ್ವಲ್ಲ ಟೀಚರ್."

"ಸರಿ, 'ನೋ ಹಾರ್ಡ್ ಫೀಲಿಂಗ್ಸ್'. ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ ಅಂತ."

"ಇಟ್ಕೊಂಡಿದ್ದೀನಲ್ಲ."

"ಅಯ್ಯೋ ಮಾರಾಯ್ತಿ, ಇಂಥ ವಿಷಯಕ್ಕೆ ಇಂಗ್ಲಿಷಲ್ಲಿ ಇರೋದನ್ನ ಇರೋ ಹಾಗೆ ಹೇಳೋ ಪದ್ಧತಿ ಇಲ್ಲ!" ಎಂದು ನಕ್ಕು, ಟೀಚರ್ ನನ್ನ ಫೋನು ತೆಗೆದುಕೊಂಡರು. "ಕೊನೇ ಸಲ ಅವಳಿಗೆ ಏನು ಬರೆದಿದ್ದೆ ನೀನು?"

ನಿಶ್ಚಿತಾರ್ಥದ ಫೋಟೋ ಎಲ್ಲರಿಗೂ ಕಾಣುವಂತೆ ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ ನನ್ನ ಸಾಲು: 'ಥೂ ಥೂ ಥೂ. ಕೋತಿ ಮೋರೆ. ಯಾರು ಕಟ್ಕೋತಾರೆ ನಿನ್ನ.'

ಟೀಚರ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ದೃಷ್ಟಿ ತೆಗೆದದ್ದು ಟೀಚರ್," ಎಂದೆ.

ಅದನ್ನು ಕಲಿಸಿದವರು ವಾರಿಜಾಳ ಅಜ್ಜಿ. ನಾವಿಬ್ಬರೂ ಹೊಸ ಬಟ್ಟೆ ತೊಟ್ಟು ಹೊರಟರೆ ಅಜ್ಜಿ ಹೊಸ್ತಿಲಲ್ಲಿ ನಿಂತು, "ಥೂ ಥೂ ಥೂ, ಕೋತಿ ಮೋರೆಗಳಾ, ಯಾರು ಕಟ್ಕೋತಾರೆ ನಿಮ್ಮನ್ನ," ಎಂದು ನೆಟಿಗೆ ಮುರಿಯುತ್ತಿದ್ದರು. ಬಾಯಿ ತುಂಬ ಹೊಗಳಿದರೆ ಕಣ್ಣು ಬೀಳುತ್ತದೆ, ಬೈದರೆ ಬಿದ್ದದ್ದೂ ಬಿಟ್ಟುಹೋಗುತ್ತದೆ. ಅಜ್ಜಿ ತೀರಿಕೊಂಡ ಮೇಲೆ ಆ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ನಾನು ಬರೆದಾಗಲೆಲ್ಲ ವಾರಿಜಾ ಒಂದು ಕೋತಿಯ ಚಿತ್ರ ಕಳಿಸುತ್ತಿದ್ದಳು. ನಿಶ್ಚಿತಾರ್ಥದ ಫೋಟೋಕ್ಕೆ ಮಾತ್ರ ಕೋತಿ ಬಂದಿರಲಿಲ್ಲ. ಬೇರೆ ಯಾರೋ ಇಂಗ್ಲಿಷಿನಲ್ಲಿ ಉತ್ತರ ಬರೆದಿದ್ದರು.

"ಇದು ಹುಡುಗನ ಅಕ್ಕ ಅನ್ಸುತ್ತೆ," ಎಂದರು ಟೀಚರ್. ಓದಿ ಅರ್ಥ ಹೇಳಿದರು: "'ನಮ್ಮ ಮದುಮಗಳ ಮೇಲೆ ಉಗುಳ್ತಿರೋ ಈ ಹೆಂಗಸು ಯಾರು? ದಯವಿಟ್ಟು ಇವಳನ್ನ ತೆಗೆದುಹಾಕು.'"

"ಕನ್ನಡ ಬರದೋರಿಗೆ ಹೇಗೆ ಗೊತ್ತಾಯ್ತು?" ಎಂದು ಗುಲಾಬಿಯಕ್ಕ ಎದ್ದು ಬಂದರು.

"ಫೋನೇ ಅನುವಾದ ಮಾಡಿಕೊಡುತ್ತೆ. ಥೂ ಅನ್ನೋದನ್ನ ಉಗುಳು ಅಂತಲೇ ಹೇಳಿರುತ್ತೆ." ಟೀಚರ್ ಪರದೆಯನ್ನು ಇನ್ನಷ್ಟು ಹತ್ತಿರ ಹಿಡಿದರು. "ಈ ಮಾತಿಗೆ ಒಂದು ಕೆಂಪು ಹೃದಯ ಬಿದ್ದಿದೆಯಲ್ಲ, ಒತ್ತಿದ್ದು ಯಾರು?"

"ನಾನೇ," ಎಂದೆ. "ಅಷ್ಟುದ್ದ ಬರೆದಿದ್ರು. ಒಳ್ಳೇದೇ ಬರೆದಿರ್ತಾರೆ ಅಂತ."

ಗುಲಾಬಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಲುಕುವುದನ್ನು ನೋಡಿ ಟೀಚರ್ ನಕ್ಕರು, ಕೊನೆಗೆ ನಾನೂ ನಕ್ಕೆ. ನಗು ಮುಗಿದಾಗ ನನ್ನ ಕಣ್ಣು ಒದ್ದೆಯಾಗಿತ್ತು.

"ಅವಳಿಗೆ ಗೊತ್ತಿತ್ತಲ್ಲ ಟೀಚರ್. ಅವಳ ಅಜ್ಜೀದೇ ಮಾತು."

"ಗೊತ್ತಿರುತ್ತೆ ಕಣಮ್ಮ. ಹೊಸ ಮನೆ, ಎಲ್ಲರೂ ಒಟ್ಟಿಗೆ ಕೇಳಿರ್ತಾರೆ. ಹೇಗೆ ಬಿಡಿಸಿ ಹೇಳೋದು ಅಂತ ತಿಳಿದಿರಲ್ಲ. ತೆಗೆದುಹಾಕೋದು ಸುಲಭ." ಟೀಚರ್ ಕಾಗದದ ಮೇಲೆ ದೃಷ್ಟಿಯ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಬರೆದು ಹೊಡೆದರು, ಮತ್ತೆ ಬರೆದು ಮತ್ತೆ ಹೊಡೆದರು. "ಇದನ್ನ ಓದಿದ್ರೆ ನೀನು ಮಾಟ ಮಾಡೋಳು ಅಂದ್ಕೋತಾರೆ."

"ಅದೆಲ್ಲ ಬೇಡ ಬಿಡಿ," ಎಂದೆ. ಅಂಗಡಿಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲಿರಬೇಕು. "ಅಳತೆ ರವಿಕೆ ಕಳಿಸು ಅಂತ ಬರೀರಿ. ಅದನ್ನ ಯಾರು ಓದಿದ್ರೂ ತಪ್ಪು ತಿಳಿಯಲ್ಲ. ಅವಳಿಗೆ ಮಾತ್ರ ಅರ್ಥ ಆಗುತ್ತೆ."

ಟೀಚರ್ ಬರೆದುಕೊಟ್ಟರು: 'ಕಂಗ್ರಾಜುಲೇಷನ್ಸ್, ವಾರಿಜಾ. ಐ ವಿಲ್ ಸ್ಟಿಚ್ ಯುವರ್ ವೆಡ್ಡಿಂಗ್ ಬ್ಲೌಸ್. ಪ್ಲೀಸ್ ಸೆಂಡ್ ಒನ್ ಓಲ್ಡ್ ಬ್ಲೌಸ್ ಫಾರ್ ಮೆಷರ್‌ಮೆಂಟ್.' ಕಾಗದವನ್ನು ಕತ್ತರಿಯ ಕೆಳಗಿಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ನಾನೇ ಒತ್ತಿದೆ. ನಾನು ಬರೆದ ಮೊದಲ ಇಂಗ್ಲಿಷ್ ಅದು. ಸಂಜೆಯ ಹೊತ್ತಿಗೆ ಅವಳು ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ, ಆ ವಾರವೂ ಬರಲಿಲ್ಲ.

ಮದುವೆ ಹತ್ತಿರವಾದಾಗ ಗುಲಾಬಿಯಕ್ಕ ಪೆಟ್ಟಿಗೆಯಿಂದ ಗಿಳಿಹಸಿರು ರೇಷ್ಮೆಯ ತುಂಡೊಂದನ್ನು ತೆಗೆದು ನನ್ನ ಮುಂದಿಟ್ಟರು. ವಾರಿಜಾ, ನಾನು ಒಬ್ಬರ ಬಟ್ಟೆ ಒಬ್ಬರು ತೊಟ್ಟು ಬೆಳೆದಿದ್ದೆವು. ಅವಳ ಎಡ ಭುಜ ತುಸು ಇಳಿಜಾರು ಎಂಬುದು ನನ್ನ ಕೈಗೆ ನೆನಪಿತ್ತು. ನಿಶ್ಚಿತಾರ್ಥದ ಫೋಟೋ ನೋಡಿ ಸೊಂಟಕ್ಕೆ ಬಟ್ಟೆ ಸ್ವಲ್ಪ ಹೆಚ್ಚೇ ಬಿಟ್ಟೆ, ಬೇಕಾದರೆ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು. ಅಂಚು ನೆಟ್ಟಗೆ ಬಂತು. ಕೊನೆಗೆ ಒಳಬದಿಯಲ್ಲಿ, ಕಂಕುಳ ಹತ್ತಿರ, ಉಸಿರು ಹಿಡಿದು ಕಪ್ಪು ಹೊಲಿಗೆ ಹಾಕಿದೆ.

ದಾರ ಕತ್ತರಿಸಿದ ಮೇಲೆ ಮಾತಾಡಬಹುದಿತ್ತು. ರವಿಕೆಯನ್ನು ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿ, ತೋಳುಗಳನ್ನು ಕೈಯಿಂದ ಸರಿಮಾಡಿದೆ. ಗುಲಾಬಿಯಕ್ಕ ಮೆಷಿನ್ ಮೇಲೆ ಬಾಗಿದ್ದರು.

"ಒಂದ್ಸಲ ಬಂದು ಹಾಕ್ಕೊಂಡು ನೋಡೇ, ವಾರಿಜಾ," ಎಂದೆ.