ತಾಯಿನ್ನ ಹೆಂಗ ಸರಸೂದ್ರಿ?

ಅಳವಂಡಿಯಲ್ಲಿ ಬಸ್ಸಿಳಿದು ದುರಗಮ್ಮನ ಮನೆಗೆ ಕಾಲಿಟ್ಟ ವಿಜಯಲಕ್ಷ್ಮಿಗೆ ಮೊದಲು ಕಂಡದ್ದು ತಾನೇ ಕೊಟ್ಟುಹೋಗಿದ್ದ ಟ್ಯಾಬ್. ಅದು ದೇವರ ಜಗಲಿಯ ಮೇಲೆ, ಕಳಶಕ್ಕೂ ತೆಂಗಿನಕಾಯಿಗೂ ನಡುವೆ, ಗೋಡೆಗೆ ಒರಗಿ ಕೂತಿತ್ತು. ಗಾಜಿನ ಮೇಲೆ ಅರಿಷಿಣ, ಕುಂಕುಮ. ನೆತ್ತಿಯ ಮೇಲೊಂದು ಸೇವಂತಿಗೆ ಹೂ.

“ವೈರ್ ತಗದಿಲ್ಲ ನೋಡ ತಂಗಿ, ಒಂದಿನಾನೂ ಚಾರ್ಜ್ ಇಳದಿಲ್ಲ,” ದುರಗಮ್ಮ ಹೆಮ್ಮೆಯಿಂದ ಹೇಳಿದಳು. “ಮುಂಜಾನೆದ್ದು ಜಳಕಾ ಮಾಡಿ ಗುಂಡಿ ಒತ್ತತೀನಿ. ತಾಯಿ ಬರ್ತಾಳ. ಕೈ ಮುಗೀತೀನಿ. ಅಷ್ಟ. ಮಕ್ಕಳಿಗೆ ಮುಟ್ಟಾಕ ಬಿಟ್ಟಿಲ್ಲ.”

“ಒಳಗ ಏನೈತಿ ಅಂತ ನೋಡಲಿಲ್ಲೇನ್ರಿ?”

“ಒಳಗ ಯಾಕ ನೋಡೂದು?”

ವಿಜಯಲಕ್ಷ್ಮಿ ಅಲ್ಲೇ ಕಂಬಕ್ಕೆ ಆತು ಕೂತಳು.

ಆ ಟ್ಯಾಬಿನೊಳಗೆ ಇದ್ದದ್ದು ‘ಓಣಿ ಮಾತು’. ಕೊಪ್ಪಳದಿಂದ ಬರುತ್ತಿದ್ದ ಸಣ್ಣ ಮಾಸಪತ್ರಿಕೆ. ಅದರ ಪುಟಗಳನ್ನು ಇಷ್ಟು ವರ್ಷ ಜೋಡಿಸಿದವಳು ಈ ವಿಜಯಲಕ್ಷ್ಮಿಯೇ. ಎಲ್ಲಿ ಚಿತ್ರ, ಎಲ್ಲಿ ತಲೆಬರಹ, ಎಲ್ಲಿ ಖಾಲಿ ಜಾಗ, ಎಲ್ಲ ಅವಳ ಕಣ್ಣಳತೆ. ಕಾಗದದ ಪತ್ರಿಕೆ ನಿಂತುಹೋದ ಮೇಲೆ, ವಿಡಿಯೊ ನೋಡಿ ನೋಡಿ ಕೋಡಿಂಗ್ ಕಲಿತಿದ್ದ ಯಲಬುರ್ಗಾದ ಶಾಂತಕುಮಾರನ ಜೊತೆ ಸೇರಿ ಅದನ್ನು ಟ್ಯಾಬಿಗೆ ತಂದಿದ್ದಳು. ಗಂಗಾವತಿಯ ಸಂಸ್ಥೆಯೊಂದು ಅಳವಂಡಿಯ ಮಹಿಳಾ ಸಂಘಕ್ಕೆ ಪರೀಕ್ಷೆಗೆಂದು ಕೆಲವು ಟ್ಯಾಬ್ ಕೊಟ್ಟಿತ್ತು. ಶುಕ್ರವಾರ ಆ ಸಂಸ್ಥೆಯ ಗೋವಿಂದರಾಜರು ನೋಡಲು ಬರುವವರಿದ್ದರು. ಹೆಣ್ಣುಮಕ್ಕಳು ಯಾರ ಸಹಾಯವೂ ಇಲ್ಲದೆ ತಾವೇ ತೆರೆದು ಓದಿದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ‘ಓಣಿ ಮಾತು’ ಹೋಗುತ್ತದೆ. ಇಲ್ಲವಾದರೆ ಟ್ಯಾಬುಗಳು ವಾಪಸ್, ಪತ್ರಿಕೆಗೆ ಶಾಶ್ವತ ವಿಶ್ರಾಂತಿ.

ಅಂದು ಬುಧವಾರ.

ಅವಳು ಎಲ್ಲ ಯೋಚಿಸಿದ್ದಳು, ಪಾಪ. ಇಲ್ಲಿನ ಹೆಂಗಸರು ಟ್ಯಾಬನ್ನು ಮೊರ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿಯುತ್ತಾರೆಂದು ಗುಂಡಿಗಳನ್ನೆಲ್ಲ ಹೆಬ್ಬೆರಳಿಗೆ ಸಿಗುವಂತೆ ಅಂಚಿಗೆ ಸರಿಸಿದ್ದಳು. ಹತ್ತಿ ಬಿಡಿಸಿ ಒರಟಾದ ಬೆರಳಿಗೂ ತಪ್ಪದಂತೆ ಅವುಗಳನ್ನು ರೊಟ್ಟಿಯಷ್ಟು ಅಗಲ ಮಾಡಿದ್ದಳು. ಕಾಗದದ ಪತ್ರಿಕೆಯಲ್ಲಿ ಹುಲಿಗೆಮ್ಮ ದೇವಿಯ ಮುಖಪುಟ ಬಂದ ತಿಂಗಳು ಒಂದು ಪ್ರತಿಯೂ ಉಳಿಯುತ್ತಿರಲಿಲ್ಲವಲ್ಲ, ಅದಕ್ಕೇ ಟ್ಯಾಬಿನ ಮೊದಲ ಪುಟಕ್ಕೂ ತಾಯಿಯ ಚಿತ್ರವನ್ನೇ ಇಟ್ಟಿದ್ದಳು. ಚಿತ್ರವನ್ನು ಬೆರಳಿಂದ ಮೇಲಕ್ಕೆ ತಳ್ಳಿದರೆ ಪತ್ರಿಕೆ ತೆರೆಯುತ್ತದೆ.

“ಹಿಂಗ ಮಾಡ್ರಿ ಅಂತ ಅವತ್ತ ತೋರಿಸಿದ್ನಲ್ಲ ಯಕ್ಕಾ, ಬೆರಳಿಟ್ಟು ಮ್ಯಾಲ ಸರಿಸ್ರಿ ಅಂತ.”

ದುರಗಮ್ಮ ಗಲ್ಲ ಗಲ್ಲ ಬಡಿದುಕೊಂಡಳು. “ತೋರಿಸಿದ್ದಿ. ನೀ ಕಲ್ತಾಕಿ, ನಡೀತೈತಿ. ನಾವು ತಾಯಿನ್ನ ಹೆಂಗ ಸರಸೂದು? ಆಕಿನ್ನ ಆಚಿ ದಬ್ಬಿ ಪುಂಡಿಪಲ್ಯ ಮಾಡೂದು ನೋಡೂದೇನು?”

ಕಾಗದದ ಮುಖಪುಟವನ್ನು ತಿರುವಿ ಹಾಕುವುದು ಬೇರೆ, ಎದುರಿಗೆ ನಿಂತ ದೇವಿಯನ್ನು ಬೆರಳಿಂದ ನೂಕುವುದು ಬೇರೆ. ಈ ವ್ಯತ್ಯಾಸ ವಿಜಯಲಕ್ಷ್ಮಿಯ ತಲೆಗೆ ಹೊಳೆದೇ ಇರಲಿಲ್ಲ.

ಅಡುಗೆಮನೆಯಿಂದ ಸೊಸೆ ಕಳಕಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಅಕ್ಕಾರ, ಅದರಾಗ ನಮ್ಮತ್ತಿ ಫೋಟೋ ಹಾಕ್ರಿ. ನಾ ದಿನಾ ಮುಂಜಾನೆದ್ದು ಖುಷೀಲೆ ದಬ್ಬತೀನಿ.”

“ದಬ್ಬ, ದಬ್ಬ. ನನ್ನ ದಬ್ಬಿದ್ರ ಒಳಗ ಬರೇ ಮುಸರಿ ಭಾಂಡೇನ ಸಿಗ್ತಾವ,” ಎಂದಳು ಅತ್ತೆ. ಇಬ್ಬರೂ ನಕ್ಕರು. ವಿಜಯಲಕ್ಷ್ಮಿಗೆ ನಗು ಬರಲಿಲ್ಲ.

ಅವಳು ಸಂಘದ ಮನೆಗಳನ್ನೆಲ್ಲ ಸುತ್ತಿ ಬಂದಳು. ಎಲ್ಲ ಕಡೆ ಅದೇ ಜಗಲಿ, ಅದೇ ಕುಂಕುಮ. ನೂರಸಾಬನ ಹೆಂಡತಿಯೂ ಸಂಘದ ಸದಸ್ಯೆ. ಅವರ ಮನೆಯಲ್ಲಿ ಟ್ಯಾಬು ಮಡಿಸಿದ ಶುಭ್ರ ಬಟ್ಟೆಯೊಳಗೆ ಕಪಾಟಿನ ಮೇಲಿತ್ತು. ನೂರಸಾಬ ಅದನ್ನು ಎರಡೂ ಕೈಯಲ್ಲಿ ಇಳಿಸಿ ಕೊಟ್ಟ.

“ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ. ನಿಮ್ಮ ದೇವರು ನಮ್ಮ ಮನಿಗೆ ಬಂದಾಳ. ಅದಬಿಲೆ, ಮರ್ಯಾದಿಲೆ ಇಡಬೇಕಲ್ರೀ. ನಾಳೆ ಯಾರರ ನೂರಸಾಬ ತಾಯಿನ್ನ ಬೆರಳಿಂದ ತಿವದಾನ ಅಂದ್ರ?”

“ನಿಮಗ ಏನ್ ಹಾಕಬೇಕ್ರಿ ಹಂಗಾದ್ರ?”

“ನನ್ನ ಹೋತ ಐತಲ್ರಿ, ಅದನ್ನ ಹಾಕ್ರಿ. ಅದನ್ನ ಎಷ್ಟ ದಬ್ಬಿದ್ರೂ ಪಾಪಿಲ್ಲ. ಅದ ನಮ್ಮನ್ನ ದಿನಾ ದಬ್ಬತೈತಿ.”

ಮಧ್ಯಾಹ್ನ ಮತ್ತೆ ದುರಗಮ್ಮನ ಮನೆಗೆ ಬಂದಳು. ತಾಯಿಯ ಚಿತ್ರವನ್ನು ತೆಗೆದುಬಿಡುವುದೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದಳು. ಆದರೆ ಆ ಮಾತು ಬಾಯಿಂದ ಹೊರಡುತ್ತಲೇ ದುರಗಮ್ಮನ ಮುಖ ಸಣ್ಣದಾಯಿತು.

“ಬಂದಾಕಿನ್ನ ಕಳಸ್ತೀಯೇನು?”

ಇಟ್ಟರೂ ಕಷ್ಟ, ತೆಗೆದರೂ ಕಷ್ಟ. ಊಟಕ್ಕೆ ಮೊದಲು ಕಳಕಮ್ಮ ಎಡೆ ಹಿಡಿಯಲು ಜಗಲಿಯ ಮುಂದೆ ಬಂದಳು. ಮುಂಜಾನೆಯ ಪೂಜೆ ಮುಗಿದ ಮೇಲೆ ಬೆಕ್ಕು ಬಾಯಿ ಹಾಕದಿರಲೆಂದು ಜಗಲಿಗೊಂದು ಕೆಂಪು ಪರದೆ ಎಳೆದಿದ್ದರು. ಕಳಕಮ್ಮ ಅದನ್ನು ಒಂದು ಬದಿಗೆ ಸರ್ರನೆ ಸರಿಸಿದಳು, ಕೈ ಮುಗಿದಳು.

ವಿಜಯಲಕ್ಷ್ಮಿ ಕೂತಲ್ಲಿಂದ ಎದ್ದೇಬಿಟ್ಟಳು. ಸರಿಸುವುದೇನೋ ಇವರಿಗೆ ಚೆನ್ನಾಗಿ ಗೊತ್ತು. ದೇವರನ್ನಲ್ಲ, ದೇವರ ಮುಂದಿನ ಪರದೆಯನ್ನು!

ಅಲ್ಲಿಂದಲೇ ಶಾಂತಕುಮಾರನಿಗೆ ಫೋನು. “ತಮ್ಮಾ, ಉಲ್ಟಾ ಮಾಡೂನು. ಮೊದಲ ಒಂದು ಕೆಂಪು ಪರದಿ. ಅದನ್ನ ಬಾಜೂಕ ಸರಿಸಿದ್ರ ತಾಯಿ ಕಾಣಬೇಕು. ಆಮ್ಯಾಲ ಆಕಿ ಸಣ್ಣಾಕಿ ಆಗಿ ಮ್ಯಾಲಿನ ಗೂಡಿನಾಗ ಕೂಡ್ರಬೇಕು. ಪುಟ ಎಷ್ಟ ಓಡಿದ್ರೂ ಆಕಿ ಅಲ್ಲೇ ಇರಬೇಕು.”

“ಯಕ್ಕಾ, ಇಡೀ ಪುಟದ ಲೆಕ್ಕಾನ ಬದಲಾಗತೈತಿ! ಟ್ಯಾಬ್ ಅಡ್ಡ ತಿರುಗಿದ್ರ ಗೂಡ ಎಲ್ಲಿಡೂದು?”

“ಅಲ್ಲೂ ಮ್ಯಾಲೇ ಇಡು. ತಾಯಿ ಮಗ್ಗಲಕ ಬೀಳಬಾರ್ದು. ಮತ್ತ ಪರದಿ ಹಿಂದ ಯಾರಿರಬೇಕು ಅನ್ನೂದು ಆಯಾ ಮನಿಯವರ ಇಷ್ಟ.”

“ಅದರಾಗ ಯಾರ್ಯಾರು ಬರ್ತಾರ?”

“ಸದ್ಯಕ್ಕ ಒಂದು ಹೋತ ಐತಿ.”

ಶಾಂತಕುಮಾರ ಗೊಣಗಿದ, ಬೈದ, ಆದರೂ ಮಾಡಿದ. ಗುರುವಾರ ಸಂಜೆ ಇಬ್ಬರೂ ಬಂದು ಎಲ್ಲ ಟ್ಯಾಬುಗಳಿಗೂ ಹೊಸದನ್ನು ಹಾಕಿದರು. ಹೇಗೆ ತೆರೆಯಬೇಕೆಂದು ಯಾರಿಗೂ ಹೇಳಿಕೊಡಲಿಲ್ಲ. ಹೇಳಿಕೊಟ್ಟರೆ ಪರೀಕ್ಷೆ ಎಲ್ಲಿ ಬಂತು?

ಶುಕ್ರವಾರ ಗೋವಿಂದರಾಜರು ಜೀಪಿನಿಂದ ಇಳಿದವರೇ ಗಡಿಯಾರ ನೋಡಿದರು. “ಹತ್ತು ನಿಮಿಷ ಅಮ್ಮಾ. ಕುಷ್ಟಗಿಗೆ ಹೋಗಬೇಕು. ನೀವು ದೂರ ನಿಂದರ್ರಿ, ಅವರೇ ಮಾಡ್ಲಿ.”

ಪಡಸಾಲೆಯಲ್ಲಿ ಹೆಂಗಸರೆಲ್ಲ ಕೂತಿದ್ದರು. ದುರಗಮ್ಮ ಟ್ಯಾಬನ್ನು ಮೊರದಂತೆ ಹಿಡಿದು ಗುಂಡಿ ಒತ್ತಿದಳು. ಕೆಂಪು ಪರದೆ ಬಂತು. ಅವಳು ಅದನ್ನೇ ನೋಡಿದಳು.

“ಸಾಹೇಬ್ರ,” ಕಳಕಮ್ಮ ಮೆಲ್ಲಗೆ ಹೇಳಿದಳು, “ಚಪ್ಪಲಿ ಬಿಟ್ಟು ಬರ್ರಿ. ಅತ್ತಿ ಪರದಿ ತಗೀತಾಳ.”

ಗೋವಿಂದರಾಜರು ಗಡಿಬಿಡಿಯಿಂದ ಬೂಟು ಬಿಚ್ಚಿದರು. ದುರಗಮ್ಮ ಹೆಬ್ಬೆರಳಿಂದ ಪರದೆಯನ್ನು ಬದಿಗೆ ಎಳೆದಳು. ಹುಲಿಗೆಮ್ಮ ಕಂಡಳು. ದುರಗಮ್ಮ ಎರಡೂ ಕೈ ಜೋಡಿಸಿಬಿಟ್ಟಳು, ಟ್ಯಾಬು ಜಾರಿ ತೊಡೆಯ ಮೇಲೆ ಅಡ್ಡ ಬಿತ್ತು!

ವಿಜಯಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಪುಟ ತಾನೇ ಅಡ್ಡಕ್ಕೆ ಹೊರಳಿ, ಅಕ್ಷರಗಳು ಸಾಲು ಬದಲಿಸಿಕೊಂಡು, ಪುಟದೊಳಗಿನ ಚಿತ್ರ ಪಕ್ಕಕ್ಕೆ ಸರಿದು ಕೂತಿತ್ತು. ತಾಯಿ ಮೇಲಿನ ಗೂಡಿನಲ್ಲಿ ನೆಟ್ಟಗೆ ಇದ್ದಳು.

“ಮ್ಯಾಲ ಹೋಗಿ ಕುಂತಳವ್ವಾ,” ಎಂದಳು ದುರಗಮ್ಮ. “ತನ್ನ ಜಾಗಾ ತನಗ, ನಮ್ಮ ಜಾಗಾ ನಮಗ.” ಮುಂದಿನ ಪುಟಕ್ಕೆ ಅವಳ ಹೆಬ್ಬೆರಳು ತಾನಾಗಿ ಹೋಯಿತು.

ಅಲ್ಲಿ ಸಿಕ್ಕಿದ್ದು ಪುಂಡಿಪಲ್ಯ. ವಿಜಯಲಕ್ಷ್ಮಿ ಕುಷ್ಟಗಿಯಲ್ಲಿ ಧ್ವನಿ ಮುದ್ರಿಸಿಕೊಂಡು ಬಂದಿದ್ದ ಹನುಮಂತಮ್ಮ ಎಂಬಾಕೆ ಪಲ್ಯ ಮಾಡುವ ಬಗೆ ಹೇಳುತ್ತಿದ್ದಳು. “ಕಡೀಕ ಒಂದ್ ಹಳಕ ಬೆಲ್ಲಾ ಹಾಕ್ರಿ…”

“ಬೆಲ್ಲಾ!” ಪಡಸಾಲೆ ಒಟ್ಟಿಗೇ ಕೂಗಿತು.

“ಹುಳಿ ಪುಂಡಿಪಲ್ಯಕ್ಕ ಬೆಲ್ಲಾ ಹಾಕೂದು ಪಲ್ಯನೋ ಪಾಯಸಾನೋ?” ಎಂದಳು ಕಳಕಮ್ಮ. “ತಿರುಗಿ ಹಚ್ಚ ಅತ್ತಿ, ನಾ ಕೇಳಿದ್ದು ಖರೇನೋ ನೋಡೂನು.”

ತಿರುಗಿ ಹಚ್ಚಿದರು. ಖರೆಯೇ ಆಗಿತ್ತು. ದುರಗಮ್ಮ ಪುಟದ ಅಂಚಿನಲ್ಲಿದ್ದ ಮೈಕಿನ ಚಿತ್ರ ನೋಡಿದಳು. “ಇದರಾಗ ನಾ ಮಾತಾಡಿದ್ರ ಆಕಿಗೆ ಕೇಳಸತೈತೇನು?” ಯಾರ ಉತ್ತರಕ್ಕೂ ಕಾಯದೆ ಒತ್ತಿ ಹಿಡಿದಳು. “ಏ ಹನುಮಂತಮ್ಮಾ, ನಾ ಅಳವಂಡಿ ದುರಗಮ್ಮ. ನಿನಗ ಬೆಲ್ಲಾ ಹೆಚ್ಚಾಗಿದ್ರ ನಮ್ಮ ಕಡೆ ಕಳಸು, ಹೋಳಿಗಿ ಮಾಡತೀವಿ. ಪುಂಡಿಯವ್ವ ಏನ್ ತಪ್ಪ ಮಾಡ್ಯಾಳ?”

ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಗೋವಿಂದರಾಜರು ಬರಿಗಾಲಲ್ಲಿ ಕಂಬಕ್ಕೆ ಒರಗಿ ನಗುತ್ತಿದ್ದರು.

“ಇವರು ಓದಕತ್ಯಾರೋ, ಜಗಳ ಆಡಕತ್ಯಾರೋ?”

“ಎರಡೂ ರಿ ಸರ್,” ಎಂದಳು ವಿಜಯಲಕ್ಷ್ಮಿ.

“ಕಾಗದದ ಪತ್ರಿಕೆ ಜೊತೆ ಯಾರಾದ್ರೂ ಹಿಂಗ ಜಗಳಾಡಿದ್ದು ನಾ ನೋಡಿಲ್ಲಮ್ಮಾ. ಆ ಹನುಮಂತಮ್ಮನ ಹತ್ರ ಟ್ಯಾಬ್ ಐತೇನು?”

“ಇಲ್ರಿ. ಕುಷ್ಟಗಿಗೆ ಇನ್ನೂ ಕೊಟ್ಟಿಲ್ಲ.”

“ಮತ್ತ ಈ ಯಮ್ಮಗ ಉತ್ತರಾ ಕೊಡೋರ್ಯಾರು?” ಅವರು ಬೂಟಿಗೆ ಕಾಲು ತೂರಿಸುತ್ತ ಜೀಪಿನ ಕಡೆ ಹೊರಟರು. “ನಾಲ್ಕೂ ಕಡೆ ಕಳಸ್ರಿ. ಮೊದಲು ಕುಷ್ಟಗಿ.”

ವಿಜಯಲಕ್ಷ್ಮಿ ಪಕ್ಕದಲ್ಲಿದ್ದ ಶಾಂತಕುಮಾರನ ಬೆನ್ನಿಗೊಂದು ಗುದ್ದು ಕೊಟ್ಟಳು. ಒಳಗಿಂದ ದುರಗಮ್ಮನ ದನಿ ಬಂತು.

“ತಂಗೀ, ಇವತ್ತ ಮುಟ್ಟಸ್ರಿ. ಆಕಿ ನಾಳೆ ಮತ್ತ ಬೆಲ್ಲಾ ಹಾಕ್ತಾಳ!”